ಗೆದ್ದರೂ ಬಡ್ತಿಯಿಲ್ಲ

ನನಗೆ ಫುಟ್‌ಬಾಲ್ ಗೊತ್ತಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ಈಚೆಗೆ ಸ್ಪೇನಿನ ಒಂದು ಕ್ಲಬ್ಬಿನ ಎರಡನೆಯ ತಂಡದ ಮೇಲೆ ನನಗೆ ವಿಪರೀತ ಅಕ್ಕರೆ ಹುಟ್ಟಿದೆ. ಕ್ಲಬ್ಬಿನ ಹೆಸರು ಹೇಳಲಾರೆ. ಅದರ ಎದುರಾಳಿ ಕ್ಲಬ್ಬಿನ ಅಭಿಮಾನಿಗಳು ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ಇದೇ ಮಹಡಿಯಲ್ಲಿ ಇಬ್ಬರಿದ್ದಾರೆ, ಅವರಲ್ಲಿ ಒಬ್ಬಳು ನನ್ನ ಹೆಂಡತಿ.

ಈ ಹುಚ್ಚು ಹಿಡಿಸಿದವಳು ಮಗಳು ಮೇಘನಾ. ದೆಹಲಿಯಲ್ಲೇ ಬೆಳೆದವಳು, ಕನ್ನಡದಲ್ಲಿ ಹೊರಟ ವಾಕ್ಯವನ್ನು ಹಿಂದಿಯಲ್ಲಿ ತಿರುಗಿಸಿ ಇಂಗ್ಲಿಷಿನಲ್ಲಿ ನಿಲ್ಲಿಸುತ್ತಾಳೆ. ಅವಳ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡಗಳು ಎರಡು. ಸೇರಿದ ವರ್ಷದಿಂದಲೂ ಇವಳು ಎರಡನೆಯದರಲ್ಲಿ. ಪ್ರತಿವರ್ಷ ಆಯ್ಕೆಗೆ ಹೋಗುತ್ತಾಳೆ, ಪ್ರತಿವರ್ಷ ಅಲ್ಲೇ ಉಳಿಯುತ್ತಾಳೆ. ಇದು ಕೊನೆಯ ವರ್ಷ. ಊಟದ ತಟ್ಟೆಯ ಪಕ್ಕ ಫೋನು ನಿಲ್ಲಿಸಿಕೊಂಡು ಅವಳು ನೋಡುವುದು ಮಾತ್ರ ಆ ಸ್ಪೇನಿನ ಎರಡನೆಯ ತಂಡದ ಆಟವನ್ನು.

ಅವಳಿಂದ ಕೇಳಿ ಕಲಿತದ್ದು ಇಷ್ಟು. ಎಷ್ಟೋ ದೇಶಗಳಲ್ಲಿ ಇಂಥ ತಂಡಗಳು ತಮ್ಮತಮ್ಮಲ್ಲೇ ಆಡಿಕೊಂಡಿರುತ್ತವೆ. ಸ್ಪೇನಿನಲ್ಲಿ ಹಾಗಲ್ಲ, ಊರೂರಿನ ಕ್ಲಬ್ಬುಗಳ ಜೊತೆಗೆ ಅದೇ ಲೀಗಿನ ಏಣಿಯನ್ನು ಹತ್ತಿ ಇಳಿಯುತ್ತವೆ. ಕೆಲವಂತೂ ಮೊದಲು ಸ್ವತಂತ್ರವಾಗಿದ್ದ ಪುಟ್ಟ ಕ್ಲಬ್ಬುಗಳು. ದೊಡ್ಡವರು ಬಂದು ಕೈಹಿಡಿದರು, ಮನೆ ತುಂಬಿಸಿಕೊಂಡರು, ಕೊನೆಗೆ ಹಳೆಯ ಹೆಸರು ತೆಗೆದು ಬಾಲಕ್ಕೊಂದು ‘ಬಿ’ ಅಂಟಿಸಿದರು. ಇದನ್ನು ಕೇಳಿ ನನ್ನ ಹೆಂಡತಿ ಅಡುಗೆಮನೆಯಿಂದ “ಗೊತ್ತು ಗೊತ್ತು” ಎಂದಳು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ, ತಾಯಿ ತಂಡ ಇರುವ ದರ್ಜೆಗೆ ಮಗು ತಂಡ ಕಾಲಿಡುವಂತಿಲ್ಲ. ಎಲ್ಲರನ್ನೂ ಸೋಲಿಸಿ ಮೇಲೆ ಕೂತರೂ ಬಡ್ತಿಯಿಲ್ಲ. ತಾಯಿಯೇ ಜಾರಿ ಕೆಳಗೆ ಬಿದ್ದರೆ, ಅಲ್ಲಿ ನೆಮ್ಮದಿಯಾಗಿದ್ದ ಮಗು ಇನ್ನೂ ಒಂದು ಮೆಟ್ಟಿಲು ಇಳಿದು ಜಾಗ ಬಿಡಬೇಕು.

ನಾನು ಚಹಾದ ಲೋಟ ಕೆಳಗಿಟ್ಟೆ. ಇದು ನನ್ನದೇ ಸರ್ವೀಸಿನ ಕಥೆ! ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಲಿಂಕ್ ಆಫೀಸರ್ ಎಂಬ ಪ್ರಾಣಿಯಿದೆ. ಒಬ್ಬ ಅಧಿಕಾರಿ ರಜೆ ಹಾಕಿದರೆ ಅವನ ಕೆಲಸ ನೋಡಿಕೊಳ್ಳಲು ಮೊದಲೇ ಗೊತ್ತುಮಾಡಿದ ಇನ್ನೊಬ್ಬ. ಯಾರ ಮಗಳ ಮದುವೆಯಿರಲಿ, ಯಾರ ಮಂಡಿಯ ಆಪರೇಷನ್ ಇರಲಿ, ಲಿಂಕ್ ಆಫೀಸರ್ ನಾನೇ. ಫೈಲು ಅವರದು, ಕುರ್ಚಿ ಅವರದು, ಬೈಗುಳ ಮಾತ್ರ ನನ್ನದು. ಅವರು ಹಿಂತಿರುಗಿದ ದಿನ ನಾನು ನನ್ನ ಪೆನ್ನು ಎತ್ತಿಕೊಂಡು ವಾಪಸು. ಸ್ಪೇನಿನವರು ನಮ್ಮ ಸೇವಾ ನಿಯಮಗಳನ್ನು ಓದಿಯೇ ಲೀಗು ಕಟ್ಟಿರಬೇಕು ಎಂಬ ಗುಮಾನಿ ನನಗಿನ್ನೂ ಹೋಗಿಲ್ಲ.

ಕಳೆದ ತಿಂಗಳು ಘಾಜಿಯಾಬಾದಿನಲ್ಲಿ ಕಾಲೇಜುಗಳ ಪಂದ್ಯಾವಳಿ ನಡೆಯಿತು. ಸೆಮಿಫೈನಲ್ಲಿನಲ್ಲಿ ಮೇಘನಾಳ ಕಾಲೇಜಿನ ಎರಡು ತಂಡಗಳೇ ಎದುರುಬದುರಾದವು. ಆದರೆ ಸಂಘಟಕರಿಗೂ ಸ್ಪೇನಿನ ಗಾಳಿ ಬೀಸಿತ್ತು: ಯಾವ ಕಾಲೇಜಿನ ಎರಡನೆಯ ತಂಡವೂ ಫೈನಲ್ ಆಡುವಂತಿಲ್ಲ. ಇವರು ಗೆದ್ದರೂ ಮುಂದೆ ಹೋಗುವವರು ಅವರೇ.

ಹಿಂದಿನ ಸಂಜೆ ನಾನು, ಪಳಗಿದ ಲಿಂಕ್ ಆಫೀಸರ್, ಮಗಳಿಗೆ ಬುದ್ಧಿ ಹೇಳಿದೆ. “ನೋಡು, ಅವರು ಫಸ್ಟ್ ಟೀಮು. ಹೇಗೂ ಫೈನಲ್‌ಗೆ ಹೋಗೋರು. ಸ್ವಲ್ಪ ನೋಡ್ಕೊಂಡು ಆಡು.”

“ಅಪ್ಪಾ, ಪ್ಲೀಸ್! ಇದು ನಿಮ್ಮ ಮಿನಿಸ್ಟ್ರಿ ಅಲ್ಲ. ಫಸ್ಟ್ ಇಯರ್ ಸೇ ವೇಟ್ ಮಾಡ್ತಿದ್ದೀನಿ. ಏಕ್ ಬಾರ್ ಅವರನ್ನ ಸೋಲಿಸ್ಬೇಕು, ಬಸ್. ಆಮೇಲೆ ಅವರೇ ಹೋಗ್ಲಿ.”

ಕೊನೆಯ ಮಾತಿಗೆ ಅವಳ ದನಿ ನಡುಗಿತು. ಇಷ್ಟು ಆಸೆಯನ್ನು ಈ ಹುಡುಗಿ ಯಾವ ಬಡ್ತಿಯ ಲೆಕ್ಕವೂ ಇಲ್ಲದೆ ಇಟ್ಟುಕೊಂಡಿದ್ದಳಲ್ಲ!

ಪಂದ್ಯದ ವಿವರ ಕೇಳಬೇಡಿ, ಅರ್ಧ ಹೊತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಒಂದಕ್ಕೆ ಒಂದು ಸಮವಾಗಿ ಆಟ ಮುಗಿಯುತ್ತ ಬಂದಿತ್ತು. ಮೂಲೆಯಿಂದ ತೇಲಿಬಂದ ಚೆಂಡಿಗೆ, ಗುಂಪಿನ ನಡುವಿನಿಂದ ಎದ್ದ ಒಂದು ತಲೆ ತಗುಲಿತು. ಬಲೆ ಅಲುಗಿತು. ಆ ತಲೆಗೆ ನಾನೇ ಎಷ್ಟೋ ವರ್ಷ ಎಣ್ಣೆ ತಟ್ಟಿದ್ದೇನೆ. ಪಕ್ಕದಲ್ಲಿದ್ದ ಅಪರಿಚಿತರ ಕಾಲು ತುಳಿದು ಕುಣಿದೆನೆಂದು ಹೆಂಡತಿ ಹೇಳುತ್ತಾಳೆ, ನನಗೆ ನೆನಪಿಲ್ಲ.

ವಾಪಸು ಬರುವಾಗ ಎರಡೂ ತಂಡಗಳು ಮೆಟ್ರೋದ ಒಂದೇ ಬೋಗಿಯಲ್ಲಿದ್ದವು. ಗೆದ್ದವರು ಹಾಡುತ್ತಿದ್ದರು, ಸೋತವರು ಅದಕ್ಕೆ ತಾಳ ಹಾಕುತ್ತಿದ್ದರು. ಮುಖ ಗಂಟಿಕ್ಕಿಕೊಂಡಿದ್ದವನು ನಾನೊಬ್ಬನೇ. ಸಂಘಟಕರಿಗೆ ಒಂದು ಮನವಿಯ ಕರಡನ್ನು ಮನಸ್ಸಿನಲ್ಲೇ ತಯಾರಿಸುತ್ತಿದ್ದೆ. ಎದುರು ಕೂತಿದ್ದ ಹಿರಿಯರೊಬ್ಬರು ಗದ್ದಲ ನೋಡಿ, “ಕೌನ್ ಜೀತಾ, ಬೇಟಾ?” ಎಂದು ಗೆದ್ದವರು ಯಾರೆಂದು ಕೇಳಿದರು.

ಮೊದಲನೆಯ ತಂಡದ ನಾಯಕಿ ಮೇಘನಾಳನ್ನು ತೋರಿಸಿ, “ಯೇ ಲೋಗ್,” ಎಂದಳು.

“ಅಚ್ಛಾ, ತೋ ಫೈನಲ್ ಮೇಂ ಯೇ ಜಾಯೇಂಗೇ?”

“ನಹೀಂ ಅಂಕಲ್, ಹಮ್.” ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು.

ಹಿರಿಯರು ದಿಕ್ಕುಗೆಟ್ಟು ನನ್ನ ಕಡೆ ನೋಡಿದರು. ನಾನು ಸ್ಪೇನಿನಿಂದ ಶುರುಮಾಡಿದೆ. ತಾಯಿ ತಂಡ, ಮಗು ತಂಡ, ಏಣಿ, ಕಟ್ಟಳೆ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಶ್ಮೀರಿ ಗೇಟ್ ಹತ್ತಿರವಾಗಿತ್ತು. ಪ್ರತಿ ನಿಲ್ದಾಣಕ್ಕೂ ಒಂದೊಂದು “ಅಚ್ಛಾ” ಎನ್ನುತ್ತ ಕೇಳಿದ ಅವರು ಎದ್ದು ನಿಂತು, “ಔರ್ ಆಪ್ ಕಿಸ್ ಟೀಮ್ ಕೇ ಪಾಪಾ ಹೈಂ?” ಎಂದು ನಾನು ಯಾವ ತಂಡದ ಅಪ್ಪನೆಂದು ವಿಚಾರಿಸಿದರು.

ಎರಡನೆಯವನು ಎಂಬುದನ್ನು ಸರ್ವೀಸಿನುದ್ದಕ್ಕೂ ತಗ್ಗಿದ ದನಿಯಲ್ಲೇ ಹೇಳಿಕೊಂಡು ಬಂದವನು ನಾನು.

“ಸೆಕೆಂಡ್ ಟೀಮ್ ಕಾ!” ಎಂದೆ. ಬಾಗಿಲ ಬಳಿ ಇಯರ್‌ಫೋನ್ ಹಾಕಿಕೊಂಡು ನಿಂತಿದ್ದವರೂ ತಿರುಗಿ ನೋಡಿದರು.