ನಾನು ತಿದ್ದಿದ ‘ನಾವ್’

ಹತ್ತನೇ ತರಗತಿ ಮುಗಿಸಿ ಬಂಟ್ವಾಳದ ಒಂದು ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಸೇರಿದವನು ನಾನು. ಆಮೇಲೆ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಕಣ್ಣು ಮಂಜಾಗುವವರೆಗೂ ಅದನ್ನೇ ಮಾಡಿದೆ. ಮದುವೆ ಕಾಗದವಿರಲಿ, ಸೊಸೈಟಿಯ ವರದಿಯಿರಲಿ, ನನ್ನ ಕೆಂಪು ಪೆನ್ನು ತಾಗದೆ ಅಚ್ಚಾಗುತ್ತಿರಲಿಲ್ಲ. ಅದೇ ಪೆನ್ನಿನಿಂದ ಒಬ್ಬ ಹೆಂಗಸಿನ ಕಥೆಯನ್ನು ಹಾಳು ಮಾಡಿದೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತೆ. ಅದನ್ನು ಹೇಳಿಬಿಡಬೇಕು ಅನ್ನಿಸಿದೆ.

ನಮ್ಮದೊಂದು ಸಣ್ಣ ಓದುಗರ ಕೂಟವಿದೆ. ವರ್ಷಕ್ಕೊಮ್ಮೆ ಕನ್ನಡದ ವೈಜ್ಞಾನಿಕ ಕಥೆಗೆ ಒಂದು ಪ್ರಶಸ್ತಿ ಕೊಡುತ್ತೇವೆ. ಬಂದ ಕಥೆಗಳಲ್ಲಿ ಐದನ್ನು ಆರಿಸಿ ಪಟ್ಟಿ ಮಾಡುವುದು ಮೂವರ ಕೆಲಸ. ಮೂಡಬಿದ್ರಿಯ ಒಬ್ಬ ನಿವೃತ್ತ ವಿಜ್ಞಾನ ಟೀಚರ್, ಬೆಳ್ತಂಗಡಿಯ ಒಬ್ಬ ಡಾಕ್ಟ್ರು, ಮತ್ತು ನಾನು. ಪಟ್ಟಿಗೆ ಬಂದ ಕಥೆಗಳು ಪುಸ್ತಕವಾಗುತ್ತವೆ. ಅವುಗಳಲ್ಲಿ ಯಾವುದಕ್ಕೆ ಪ್ರಶಸ್ತಿ ಎಂದು ಆಮೇಲೆ ಹೊರಗಿನವರೊಬ್ಬರು ತೀರ್ಮಾನಿಸುತ್ತಾರೆ.

ಕಥೆಗಳು ಅಂಚೆಯಲ್ಲಿ ಬರುವುದು ನನ್ನ ಮನೆಗೆ. ಹೆಸರಿನ ಹಾಳೆ ತೆಗೆದಿಟ್ಟು, ಕಥೆಗೆ ನಂಬರು ಹಾಕಿ, ಬಿ.ಸಿ. ರೋಡಿನಲ್ಲಿ ಜೆರಾಕ್ಸ್ ಮಾಡಿಸಿ ಇಬ್ಬರಿಗೂ ಕಳಿಸುತ್ತೇನೆ. ನನ್ನಿಂದ ಕೇಳಿದ್ದು ಇಷ್ಟೇ. ಆದರೆ ಜೆರಾಕ್ಸಿಗೆ ಮೊದಲು ಕಾಗುಣಿತ ತಿದ್ದುವುದನ್ನು ನಾನಾಗಿಯೇ ಸೇರಿಸಿಕೊಂಡಿದ್ದೆ.

ಹದಿನೇಳನೇ ಕಥೆ ಕೈಬರಹದಲ್ಲಿತ್ತು, ಗೆರೆ ಹಾಕಿದ ಪುಸ್ತಕದ ಹಾಳೆಗಳಲ್ಲಿ. ನೇತ್ರಾವತಿಯ ದಡದಲ್ಲಿ ನೆರೆಯ ಮುನ್ಸೂಚನೆ ಕೊಡುವ ಒಂದು ಯಂತ್ರ. ಮಾತಾಡುತ್ತದೆ. ಪೇಟೆಯವರಿಗೆ ಆಗಾಗ ಹೇಳುತ್ತದೆ: “ನಾವು ನೀರಿಗೆ ಹೆದರುವುದಿಲ್ಲ.” ದೊಡ್ಡ ನೆರೆ ಬಂದು ಎಲ್ಲರೂ ಮನೆ ಬಿಟ್ಟಾಗ ಒಬ್ಬ ಮುದುಕಿ ಮಾತ್ರ ಹೋಗುವುದಿಲ್ಲ. ಯಂತ್ರಕ್ಕೆ ಹೋಗಲು ಕಾಲಿಲ್ಲ. ನೀರು ಏರುತ್ತಿದ್ದಂತೆ ಇಬ್ಬರೂ ಮಾತಾಡುತ್ತಾರೆ. ಕೊನೆಗೆ ಯಂತ್ರ ಹೇಳುತ್ತದೆ: “ನಾವ್ ಹೆದರುವುದು ಬೇಡ.”

‘ನಾವ್’! ಮುದುಕಿ ಬಂದ ಮೇಲೆ ಹತ್ತೊಂಬತ್ತು ಕಡೆ ಹಾಗೇ ಇತ್ತು. ಕೈ ತಾನಾಗಿ ಓಡಿತು. ಎಲ್ಲ ಕಡೆ ‘ವ್’ ಹೊಡೆದು ‘ವು’ ಮಾಡಿದೆ. ಅದೂ ಮೂಲಪ್ರತಿಯಲ್ಲೇ.

ಟೀಚರ ಮನೆಯ ಚಾವಡಿಯಲ್ಲಿ ಸೇರಿದೆವು. ನಾಲ್ಕು ಕಥೆಗಳು ಬೇಗ ಆದವು. ಐದನೆಯದಕ್ಕೆ ಹದಿನೇಳೋ ಇನ್ನೊಂದೋ ಎಂದು ನಿಂತಿತು.

“ಚಂದ ಉಂಟು. ಆದರೆ ಕೊನೆ ಅರ್ಥ ಆಗುವುದಿಲ್ಲ,” ಎಂದರು ಟೀಚರ್. “ಮೊದಲಿಂದ ಇದು ‘ನಾವು’ ಅಂದರೆ ಯಂತ್ರಗಳು ಅಂತ. ಈಗ ‘ನಾವು ಹೆದರುವುದು ಬೇಡ’ ಅಂತದೆ. ಯಂತ್ರಕ್ಕೆ ಎಲ್ಲಿಂದ ಬಂತು ಹೆದರಿಕೆ?”

“ನೀರು ಒಳಗೆ ಹೋಗಿ ತಲೆ ಕೆಟ್ಟಿರಬೇಕು ಅದಕ್ಕೆ,” ಎಂದರು ಡಾಕ್ಟ್ರು. “ನಮ್ಮ ಮನೆಯ ಮಿಕ್ಸಿಗೂ ಹಾಗೇ ಆಗಿತ್ತು.”

ನಾನೂ ನಕ್ಕೆ. ಹದಿನೇಳು ಬಿದ್ದುಹೋಯಿತು.

ಮೂರನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಬೆಳುವಾಯಿಯ ತಂಗಿಯ ಹತ್ತಿರ ಫೋನಿನಲ್ಲಿ ತುಳು ಮಾತಾಡುತ್ತಿದ್ದಳು. “ಎಂಕುಲು ಇತ್ತೆ ಬರ್ಪುಜ. ಬೊಕ್ಕ ನಮ ಒಟ್ಟುಗು ಪೋಯಿ.” ನಾವು ಈಗ ಬರುವುದಿಲ್ಲ, ಆಮೇಲೆ ನಾವು ಒಟ್ಟಿಗೆ ಹೋಗುವ.

ಕನ್ನಡದಲ್ಲಿ ಎರಡೂ ‘ನಾವು’. ತುಳುವಿನಲ್ಲಿ ‘ಎಂಕುಲು’ ಎಂದರೆ ಕೇಳುವವರನ್ನು ಬಿಟ್ಟು ನಾವು, ‘ನಮ’ ಎಂದರೆ ಅವರನ್ನೂ ಸೇರಿಸಿ ನಾವು. ಹುಟ್ಟಿದಂದಿನಿಂದ ಆಡುತ್ತಿರುವ ಮಾತು. ನಾನು ಚಾ ಅಲ್ಲೇ ಬಿಟ್ಟು ಹೋಗಿ ಮೂಲಪ್ರತಿ ತೆಗೆದೆ. ಕೆಂಪು ಶಾಯಿಯ ಅಡಿಯಿಂದ ಒಂದೊಂದೇ ‘ನಾವ್’ ಓದಿದೆ. ಯಂತ್ರಕ್ಕೆ ತಲೆ ಕೆಟ್ಟಿರಲಿಲ್ಲ. ಅದು ಮುದುಕಿಯನ್ನು ತನ್ನ ಜೊತೆಗೆ ಸೇರಿಸಿಕೊಂಡಿತ್ತು.

ಪಟ್ಟಿ ಪ್ರಕಟವಾಗಲು ಇನ್ನೂ ನಾಲ್ಕು ದಿನವಿತ್ತು. ಎರಡು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಇಡೀ ಜೀವನ ಬೇರೆಯವರ ತಪ್ಪು ಹುಡುಕಿದವನಿಗೆ ತನ್ನ ತಪ್ಪು ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟ್ರ ನಗು ಕಿವಿಯಲ್ಲಿತ್ತು. ಐದು ಹೆಸರುಗಳ ಪಟ್ಟಿ ಪತ್ರಿಕೆಗೆ ಹೋಯಿತು.

ವಾರದ ನಂತರ ಹದಿನೇಳನೇ ಕಥೆ ಬರೆದವರಿಂದ ಒಂದು ಕಾರ್ಡು ಬಂತು. “ನನ್ನ ಕಥೆ ಆಯ್ಕೆಯಾಗಲಿಲ್ಲ, ಬೇಸರವಿಲ್ಲ. ನನ್ನಲ್ಲಿ ಬೇರೆ ಪ್ರತಿ ಇಲ್ಲ. ದಯವಿಟ್ಟು ಹಿಂದೆ ಕಳಿಸಿ.” ಕಲ್ಲಡ್ಕದ ವಿಳಾಸ.

ಆ ಕೆಂಪು ಹಾಳೆಗಳನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಬಸ್ಸು ಹತ್ತಿದೆ.

ಅದೊಂದು ಹೊಲಿಗೆ ಅಂಗಡಿ. ಐವತ್ತರ ಆಸುಪಾಸಿನ ಒಬ್ಬ ಬ್ಯಾರಿ ಹೆಂಗಸು ಮೆಷಿನ್ನಿನ ಮುಂದೆ ಕೂತಿದ್ದರು. ನಾನು ಯಾರೆಂದು ಹೇಳಿದಾಗ ಎದ್ದು ನಿಂತರು.

“ಕೂತ್ಕೊಳ್ಳಿ ಮಾಸ್ಟ್ರೇ.”

“ನಾನು ಮಾಸ್ಟ್ರಲ್ಲ,” ಎಂದು ಹಾಳೆಗಳನ್ನು ಕೊಟ್ಟೆ.

ಅವರು ಮಗುಚಿ ನೋಡಿದರು. “ಅಯ್ಯೋ, ಇಷ್ಟು ತಪ್ಪಾ!” ಎಂದು ನಾಚಿಕೊಂಡರು. ನನ್ನಿಂದ ತಡೆಯಲಾಗಲಿಲ್ಲ. ತಪ್ಪು ಅವರದ್ದಲ್ಲ ಎಂದೆ. ತಿದ್ದಿದ್ದು, ಅದರಿಂದ ಕಥೆ ಬಿದ್ದದ್ದು, ಗೊತ್ತಾಗಿಯೂ ಸುಮ್ಮನಿದ್ದದ್ದು, ಎಲ್ಲ ಹೇಳಿದೆ.

ಅವರು ಹಾಳೆಗಳನ್ನು ಮೆಷಿನ್ನಿನ ಮೇಲೆ ಜೋಡಿಸಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು: “ನಮ್ಮ ಮನೆ ಭಾಷೆ ಬ್ಯಾರಿಯಲ್ಲೂ ‘ನಾವು’ ಎರಡುಂಟು. ಯಜಮಾನ್ರು ದುಬಾಯಿಗೆ ಹೋಗಿ ಇಪ್ಪತ್ತು ವರ್ಷ ಆಯ್ತು. ಫೋನಲ್ಲಿ ನಾವು ಊಟ ಮಾಡಿದೆವು ಅಂತಾರೆ, ಅದರಲ್ಲಿ ನಾನಿಲ್ಲ. ನಾವು ಅಡುಗೆಮನೆಗೆ ಹೊಸ ಕಿಟಕಿ ಇಡುವ ಅಂತಾರೆ, ಅದರಲ್ಲಿ ಉಂಟು. ಯಾವ ‘ನಾವು’ ಅಂತ ಕಾಯ್ತಾ ಇರ್ತೇನೆ. ಕನ್ನಡದಲ್ಲಿ ಒಂದೇ ಅಲ್ವಾ? ಅದಕ್ಕೆ ಒಂದು ನಾನೇ ಮಾಡಿಕೊಂಡೆ.”



“ಈಗ ನೀವೇ ಸರಿ ಮಾಡಿ ಕೊಡಿ,” ಎಂದು ಬಟ್ಟೆಯ ರಾಶಿ ಸರಿಸಿ ಜಾಗ ಮಾಡಿದರು. ತಮ್ಮ ನೀಲಿ ಪೆನ್ನು ಕೊಟ್ಟರು. ನಾನು ಓದುತ್ತಾ ಹೋದೆ. “ಮುದುಕಿ ಸೇರಿ,” ಎನ್ನುತ್ತಿದ್ದರು. ನಾನು ‘ನಾವ್’ ಬರೆಯುತ್ತಿದ್ದೆ. ಹನ್ನೆರಡನೆಯದರಲ್ಲಿ ತಡೆದರು. “ಇದು ಬೇರೆ ಯಂತ್ರಗಳ ವಿಷಯ ಅಲ್ವಾ? ಇಲ್ಲಿ ನನ್ನದೇ ಕೈ ತಪ್ಪಿದ್ದು. ಇದು ಮಾತ್ರ ನೀವು ತಿದ್ದಿದ್ದೇ ಸರಿ ಮಾಸ್ಟ್ರೇ.”

ಅಷ್ಟು ದೊಡ್ಡ ಮನಸ್ಸಿನಿಂದ ನನ್ನನ್ನು ಯಾರೂ ಕ್ಷಮಿಸಿರಲಿಲ್ಲ.

ಮರುದಿನವೇ ಟೀಚರನ್ನೂ ಕರೆಸಿಕೊಂಡು ಬೆಳ್ತಂಗಡಿಯ ಡಾಕ್ಟ್ರ ಕ್ಲಿನಿಕ್ಕಿಗೆ ಹೋದೆ. ನಡೆದದ್ದು ಹೇಳಿ ಕಲ್ಲಡ್ಕದಲ್ಲೇ ಮಾಡಿಸಿಕೊಂಡಿದ್ದ ನೀಲಿ ತಿದ್ದುಪಡಿಯ ಜೆರಾಕ್ಸ್ ಮುಂದಿಟ್ಟೆ. ಟೀಚರ್ ಕೊನೆಯ ಪುಟ ಓದಿ ಕನ್ನಡಕ ತೆಗೆದರು. “ನಾನು ದಿನವಿಡೀ ತುಳು ಮಾತಾಡುವವಳು, ನನಗೂ ಹೊಳೆಯಲಿಲ್ಲ ನೋಡಿ.”

“ನಿಮಗೆ ಹೊಳೆಯಲು ಇವರು ಉಳಿಸಬೇಕಲ್ಲ!” ಎಂದರು ಡಾಕ್ಟ್ರು. “ಮಾರಾಯ್ರೆ, ನಿಮ್ಮ ಕೆಂಪು ಪೆನ್ನು ಇಲ್ಲಿ ಕೊಟ್ಟು ಹೋಗಿ. ನಾನು ಬೀಗ ಹಾಕಿ ಇಡ್ತೇನೆ.” ಆಮೇಲೆ ಅವರೂ ಓದಿದರು. ಈ ಸಲ ಮಿಕ್ಸಿಯ ಮಾತು ಬರಲಿಲ್ಲ.

ಐದು ಕಥೆಗಳಲ್ಲಿ ಯಾವುದನ್ನೂ ತೆಗೆಯುವುದು ನ್ಯಾಯವಲ್ಲ, ಪಟ್ಟಿ ಆರಾಗಲಿ ಎಂದು ಇಬ್ಬರೂ ಒಪ್ಪಿದರು. ಪತ್ರಿಕೆಗೆ ತಿದ್ದುಪಡಿ ಬರೆಯುವ ಕೆಲಸ ನನ್ನದು. ಅಲ್ಲೇ ಕೂತು ಬರೆದು ಓದಿದೆ: “ಕಲ್ಲಡ್ಕದ ಲೇಖಕಿಯ ಕಥೆಯೂ ಪಟ್ಟಿಯಲ್ಲಿದೆ. ಅದನ್ನು ಕೈಬಿಟ್ಟದ್ದು ನಮ್ಮ ತಪ್ಪು.”

“ಯಾವ ‘ನಮ್ಮ’?” ಎಂದರು ಡಾಕ್ಟ್ರು. “ನಾವಿಬ್ಬರೂ ಸೇರಿಯೋ, ಬಿಟ್ಟೋ?”

ಟೀಚರ್ ನಕ್ಕು, “ಇರಲಿ ಬಿಡಿ, ಸೇರಿಯೇ ಇರಲಿ,” ಎಂದರು.

ಆದರೆ ನಾನು ಆ ಪದವನ್ನು ಹೊಡೆದು ‘ನನ್ನ’ ಎಂದು ಬರೆದೆ.