ಎಂಜಲು ತಟ್ಟೆಯ ಸಾಕ್ಷಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನದರಲ್ಲಿ ಒಲೆ, ಮಂಚ ಮತ್ತು ಗಂಡ. ಗಂಡ ಬೀಗ ರಿಪೇರಿಯವನು. ಎಂಥ ಮೊಂಡು ಬೀಗವೂ ಅವನ ಕೈಗೆ ಸಿಕ್ಕರೆ ಬಾಯಿ ಬಿಡುತ್ತಿತ್ತು. ಮಿದುಳಿಗೆ ಜ್ವರ ಏರಿ ಇಳಿದ ಮೇಲೆ ಕೈಯ ಕಸುಬು ಉಳಿಯಿತು, ಈಗಷ್ಟೇ ನಡೆದದ್ದರ ನೆನಪು ಹೋಯಿತು.

ಹೊಟ್ಟೆ ಬಿರಿಯ ಉಂಡು, ತೊಳೆದ ಕೈ ಆರುವ ಮೊದಲೇ ಕೇಳುತ್ತಿದ್ದ: “ಊಟಕ್ಕೆ ಹಾಕ್ತೀಯಾ? ಹಸಿವಾಗ್ತಿದೆ.” ಹಾಕಿದರೆ ಮತ್ತೆ ಅಷ್ಟೇ ಆಸೆಯಿಂದ ಉಣ್ಣುತ್ತಿದ್ದ. ಕೊನೆಗೆ ಎಲ್ಲ ಕಕ್ಕಿ, ಬಾಯಿ ಒರೆಸಿಕೊಂಡು ತಟ್ಟೆಗೆ ಕೈ ಚಾಚುತ್ತಿದ್ದ.

“ಹೊಟ್ಟೆ ತುಂಬಿತು ಅಂತ ಹೇಳೋದು ಹೊಟ್ಟೆ ಒಂದೇ ಅಲ್ಲಮ್ಮ,” ಎಂದರು ಡಾಕ್ಟರು. “ಉಂಡ ನೆನಪೂ ಸಾಕ್ಷಿ ಹೇಳ್ಬೇಕು. ಇವರ ಹತ್ರ ಆ ಸಾಕ್ಷಿ ಇಲ್ಲ.”

ಇಸ್ತ್ರಿಯಕ್ಕ ಪೆದ್ದಿಯಲ್ಲ. ಸಾಕ್ಷಿ ತಾನೇ ಬೇಕು? ಉಂಡ ತಟ್ಟೆಯನ್ನು ತೊಳೆಯದೆ ಅವನೆದುರೇ ಬಿಟ್ಟಳು. ಅಂಟಿದ ಅಗುಳು ನೋಡಿ ಅವನು ಹೊಟ್ಟೆ ಸವರಿಕೊಂಡ. “ಓ, ಊಟ ಆಯ್ತಲ್ಲ,” ಎಂದು ತೇಗಿದ. ಅಂದಿನಿಂದ ಮನೆಗೂ ನೆಮ್ಮದಿ, ನೊಣಗಳಿಗೂ ನೆಮ್ಮದಿ.

ಒಮ್ಮೆ ಅವಳು ರಾತ್ರಿಯ ತಟ್ಟೆ ತೆಗೆಯಲು ಮರೆತಾಗ, ಬೆಳಿಗ್ಗೆ ಬರಿಹೊಟ್ಟೆಯಲ್ಲೂ ಅವನು ಹಾಗೇ ತೇಗಿದ. ಬಡಿಸಿದ್ದನ್ನು ಮುಟ್ಟಲಿಲ್ಲ. ಅವಳು ತಟ್ಟೆ ತೊಳೆದು ಮುಂದಿಟ್ಟ ಮೇಲಷ್ಟೇ ಉಂಡ. ಆಮೇಲೆ ಊಟದ ಹೊತ್ತಿಗೆ ತಟ್ಟೆ ತೊಳೆಯುವುದನ್ನು ಮಾತ್ರ ತಪ್ಪಿಸಲಿಲ್ಲ.

ಒಂದು ದಿನ ಅವಳೇ ಜ್ವರದಿಂದ ಹಾಸಿಗೆ ಹಿಡಿದಳು. ಕಣ್ಣು ಬಿಟ್ಟಾಗ ಮರುದಿನದ ಮಧ್ಯಾಹ್ನ. ಜ್ವರ ಬಿಟ್ಟಿತ್ತು, ಹೊಟ್ಟೆಗೆ ಬೆಂಕಿ ಬಿದ್ದಂತೆ ಹಸಿವು. ಗಂಡ ಗೋಡೆಗೆ ಒರಗಿದ್ದ, ತುಟಿ ಒಣಗಿತ್ತು. ಎದುರಿಗೆ ನಿನ್ನೆಯ ಎಂಜಲು ತಟ್ಟೆ.

“ಏನಾದ್ರೂ ತಿಂದ್ರಾ?”

“ಊಟ ಆಯ್ತಲ್ಲ,” ಅಂದ. “ನಿಂದೂ ಆಯ್ತು ಕಣೇ, ನೋಡು.”

ಅವಳ ದಿಂಬಿನ ಪಕ್ಕದಲ್ಲಿ ಅವಳ ತಟ್ಟೆ. ಅಂಚಿಗೆ ಅಗುಳು, ನಡುವೆ ಬೆರಳು ಎಳೆದ ಗುರುತು. ಎದ್ದು ಪಾತ್ರೆಯ ಮುಚ್ಚಳ ತೆಗೆದಳು. ನಿನ್ನೆ ಅವನಿಗೆ ಬಡಿಸಿ ಮುಚ್ಚಿಟ್ಟ ಅನ್ನ ಹಾಗೇ ಇತ್ತು. ಗಂಡ ತನ್ನ ತಟ್ಟೆಯ ಎಂಜಲನ್ನೇ ಕೆರೆದು ಇವಳದಕ್ಕೂ ಸವರಿದ್ದ. ನೆನಪು ಕಲಿಯದ್ದನ್ನು ಕೈ ಕಲಿತುಕೊಂಡಿತ್ತು.

ಅಯ್ಯೋ ಪಾಪ ಎನಿಸಿತು. ನಗುವೂ ಬಂತು. ಅಷ್ಟರಲ್ಲಿ ಅವಳಿಗೊಂದು ತೇಗು ಬಂತು. ಉರಿಯುತ್ತಿದ್ದ ಹಸಿವು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

ಅವಳಿಗೆ ಭಯವಾಯಿತು. ಎರಡೂ ತಟ್ಟೆಗಳನ್ನು ಗಸಗಸ ತಿಕ್ಕಿ ತೊಳೆದು, ಅನ್ನ ಬಿಸಿ ಮಾಡಿ ಬಡಿಸಿದಳು. ತೊಳೆದ ತಟ್ಟೆ ಕಂಡದ್ದೇ ತಡ, ಗಂಡ ಗಬಗಬ ಉಂಡ. ಅವಳು ತುತ್ತು ಬಾಯಿಗಿಟ್ಟಳು, ಗಂಟಲು ಬೇಡವೆಂದಿತು. ಬಡಿಸಿದ್ದನ್ನು ಪಾತ್ರೆಗೆ ಸುರಿದಳು. ಮತ್ತೆ ತಟ್ಟೆ ತೊಳೆದಳು, ಮತ್ತೆ ಬಡಿಸಿಕೊಂಡಳು. ಇಲ್ಲ. ಸಂಜೆಯ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು, ಹೊಟ್ಟೆ ಮಾತ್ರ ಹಬ್ಬದೂಟ ಉಂಡಂತೆ ತಣ್ಣಗಿತ್ತು.

ಗಂಡ ಪಕ್ಕದಲ್ಲಿ ಬಂದು ಕುಳಿತ. ತಳತಳ ಹೊಳೆಯುವ ತಟ್ಟೆಯನ್ನು ನೋಡಿದ.

“ನಂಗೆ ಹಸಿವಾಗ್ತಿದೆ,” ಅಂದ. “ನಿಂಗೆ ಆಗಲ್ವಾ?”

“ಆಗ್ಬೇಕಿತ್ತು ರೀ,” ಅಂದಳು.