ಮಾತ್ರೆ ಬದಲಾದ ವರ್ಷ

ಹೊಸಕೋಟೆ ಸಮೀಪದ ಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷಿಸುವ ಶಶಿರೇಖಾಗೆ ಮದುವೆಗೆ ಮೊದಲಿನಿಂದಲೂ ಫಿಟ್ಸ್ ಇತ್ತು. ಹಾಲು ಹಾಕಲು ಬಂದವರನ್ನೆಲ್ಲ ಮಾತಾಡಿಸಿ, ನಗಿಸಿ ಕಳಿಸುವ ಹೆಂಗಸು ಆಕೆ. ಹೋದ ವರ್ಷ ಡೇರಿಯಲ್ಲೇ ಬಿದ್ದು ಹಣೆ ಒಡೆದುಕೊಂಡ ಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತ್ರೆ ಬದಲಾಯಿಸಿದರು. ಫಿಟ್ಸ್ ನಿಂತೇಹೋಯಿತು. ಗಂಡ ಬೈರೇಶ್ ಶಿವಗಂಗೆಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದ.

ಆದರೆ ಕೆಲವೇ ವಾರಗಳಲ್ಲಿ ಶಶಿರೇಖಾಳ ಮನಸ್ಸು ಮಂಕಾಗತೊಡಗಿತು. ಹಾಸಿಗೆ ಬಿಟ್ಟು ಏಳುವುದೇ ಭಾರ. ಒಗ್ಗರಣೆ ಹಾಕುತ್ತಿರುವಾಗಲೇ ಅಳು ನುಗ್ಗಿ ಬರುತ್ತಿತ್ತು, ಯಾಕೆಂದು ಅವಳಿಗೇ ತಿಳಿಯದು. ಮನೆಯವರೆಲ್ಲ ಇಷ್ಟು ನೆಮ್ಮದಿಯಾಗಿರುವಾಗ ಹೇಳುವುದಾದರೂ ಏನನ್ನು?

"ಸುಸ್ತಿರ್ತದೆ ಬಿಡು, ಫಿಟ್ಸ್ ಬರ್ತಿಲ್ವಲ್ಲ," ಎಂದ, ಅವಳು ಏಳದೆ ಮಲಗಿದ್ದನ್ನು ಕಂಡ ಬೈರೇಶ್.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕುಳಿತವಳು ಅತ್ತೆ ಗಂಗಲಕ್ಷ್ಮಮ್ಮನಿಗೆ ಮೆಲ್ಲಗೆ ಅಂದಳು: "ಅತ್ತೆ, ನಾನಿಲ್ದಿದ್ರೆ ನಿಮ್ಗೆಲ್ಲ ಹಗುರ ಆಗ್ತದೇನೋ."

ಗಂಗಲಕ್ಷ್ಮಮ್ಮ ಬಯ್ಯಲಿಲ್ಲ. ಮೊರ ಪಕ್ಕಕ್ಕಿಟ್ಟು ಸೊಸೆಯ ಕೈ ಹಿಡಿದುಕೊಂಡರು.

"ಯಾವಾಗಿಂದ ಹಿಂಗನ್ನಿಸ್ತಿದೆ ಮಗಾ?"

"ಈ ಮಾತ್ರೆ ಶುರುವಾದ್ಮೇಲೆ."

ಅವಳನ್ನು ಒಬ್ಬಳನ್ನೇ ಬಿಡದೆ ಜೊತೆಯಲ್ಲೇ ಮಲಗಿ, ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆದೊಯ್ದರು. "ಫಿಟ್ಸೇನೋ ನಿಂತೈತೆ ಡಾಕ್ಟ್ರಮ್ಮ. ಆದ್ರೆ ನಮ್ ಶಶಿ ಮೊದಲಿನಂಗಿಲ್ಲ," ಎಂದು ತಾವೇ ಬಾಯಿಬಿಟ್ಟರು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಈ ಮಾತ್ರೆ ಕೆಲವರ ಮನಸ್ಸನ್ನ ಹೀಗೆ ಕುಗ್ಗಿಸಿಬಿಡುತ್ತೆ. ನಿಮ್ಮ ತಪ್ಪೇನಿಲ್ಲ ಶಶಿರೇಖಾ. ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಅಪಾಯ. ನಿಧಾನವಾಗಿ ಬದಲಾಯಿಸೋಣ." ಮನೋವೈದ್ಯರ ಬಳಿಗೂ ಕಳಿಸಿದರು. ತನ್ನ ತಪ್ಪಲ್ಲ ಎಂಬ ಮಾತಿಗೆ ಶಶಿರೇಖಾ ಅಲ್ಲೇ ಅತ್ತುಬಿಟ್ಟಳು.

ಮಾತ್ರೆ ಬದಲಾಗುವ ನಡುವೆ ಒಮ್ಮೆ ಫಿಟ್ಸ್ ಬಂತು. ಬೈರೇಶ್ ಹೆದರಿ, "ಫಿಟ್ಸ್ ನಿಲ್ಲಿಸಿದ್ ಆ ಮಾತ್ರೇನೇ ಇರ್ಲಿ ಕಣಮ್ಮ," ಎಂದ.

"ಬಿದ್ರೆ ನಾವು ಹಿಡ್ಕೊಬೋದು ಕಣೋ," ಎಂದರು ತಾಯಿ. "ಒಳಗೊಳಗೇ ಕುಸಿದ್ರೆ ಹೆಂಗೋ ಹಿಡಿಯೋದು?"

ಬೈರೇಶ್ ಅಂದಿನಿಂದ ಆಸ್ಪತ್ರೆಗೆ ತಾನೂ ಹೋಗತೊಡಗಿದ.

ಹೊಸ ಮಾತ್ರೆ ಒಗ್ಗಿತು. ತಿಂಗಳುಗಳು ಕಳೆದಂತೆ ಶಶಿರೇಖಾಗೆ ಹಸಿವು ಮರಳಿತು, ನಿದ್ದೆ ಮರಳಿತು. ಫಿಟ್ಸ್ ಅಪರೂಪಕ್ಕೊಮ್ಮೆ ಬರುತ್ತದೆ, ಹೋಗುತ್ತದೆ.

"ಅವತ್ತು ಅತ್ತೆ ಗದರಿಬಿಟ್ಟಿದ್ರೆ ನಾನು ಇನ್ಯಾರತ್ರಾನೂ ಬಾಯಿ ಬಿಡ್ತಿರ್ಲಿಲ್ಲ," ಎನ್ನುತ್ತಾಳೆ ಆಕೆ. ಆಸ್ಪತ್ರೆಯ ಬೆಂಚಿನಲ್ಲಿ ತನ್ನಂತೆ ಮಾತ್ರೆಚೀಟಿ ಹಿಡಿದು ಕುಳಿತವರು ಕಂಡರೆ ಹತ್ತಿರ ಸರಿದು, "ಫಿಟ್ಸ್ ಇರ್ಲಿ, ಮನ್ಸು ಹೆಂಗೈತೆ ಹೇಳಿ?" ಎಂದು ಕೇಳುತ್ತಾಳೆ.